ಅಪ್ಪ ಹೋದದ್ದು ನನ್ನ ಅಪನಂಬಿಕೆಯಿಂದಲೇ?

ಅಕ್ಕಾವರೇ,

ನಮ್ಮದು ಮೂಡಲಗಿ ಹತ್ತಿರದ ಹಳ್ಳಿ. ಮುತ್ಯಾನ ಕಾಲದಿಂದಲೂ ಮೆಥೋಡಿಸ್ಟ್ ಸಭೆಯವರು. ನನಗೆ 24 ವರ್ಷ. ಬಿ.ಕಾಂ. ಮುಗಿಸಿ ಗೋಕಾಕದ ಒಂದು ಖಾಸಗಿ ಕಚೇರಿಯಲ್ಲಿ ಲೆಕ್ಕ ಬರೆಯುತ್ತೇನೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ರವಿವಾರ ಸಂಡೇ ಸ್ಕೂಲಿನಲ್ಲಿ ಸಣ್ಣ ಹುಡುಗರಿಗೆ ಪಾಠ ಹೇಳುತ್ತೇನೆ.

ಕಳೆದ ಮಳೆಗಾಲದಲ್ಲಿ ಅಪ್ಪ ತೀರಿಕೊಂಡರು. ಬಹಳ ವರ್ಷಗಳ ಸಕ್ಕರೆ ಕಾಯಿಲೆ, ಕೊನೆಗೆ ಎರಡೂ ಕಿಡ್ನಿ ಹೋದವು. ಎರಡು ವರ್ಷ ಡಯಾಲಿಸಿಸ್ ಮಾಡಿಸಿದೆವು. ಮನೆಯಲ್ಲಿ ಉಪವಾಸ ಪ್ರಾರ್ಥನೆ ಇಟ್ಟಾಗ ಹೊರಗಿನಿಂದ ಬಂದ ಬೋಧಕರೊಬ್ಬರು ಅಪ್ಪ ಪೂರ್ತಿ ಗುಣವಾಗುತ್ತಾರೆ ಎಂದು ಹೇಳಿ ಹೋಗಿದ್ದರು. ಅಪ್ಪ ಹೋದ ಮೇಲೆ ಅವರೇ ಮತ್ತೆ ಬಂದು, "ಈ ಮನಿಯಾಗ ಒಬ್ಬರ ಎದಿಯೊಳಗ ಅಪನಂಬಿಕಿ ಇತ್ತು, ಅದಕ್ಕ ದೇವರು ಕೈ ಹಿಂದ ತಗೊಂಡ" ಎಂದರು. ಆ ಒಬ್ಬರು ನಾನೇ ಅಕ್ಕಾವರೇ. ಅಪ್ಪನ ಕಾಲು ಒತ್ತುತ್ತ ಕೂತ ರಾತ್ರಿಗಳಲ್ಲಿ ಪ್ರಾರ್ಥನೆ ಮಾಡುವಾಗ, ಇದನ್ನು ಯಾರೂ ಕೇಳುತ್ತಿಲ್ಲ ಎಂದು ನನಗೆ ಅನ್ನಿಸುತ್ತಿತ್ತು. ಯಾರಿಗೂ ಹೇಳಿಲ್ಲ.

ಕಚೇರಿಯಲ್ಲಿ ನನ್ನ ಗೆಳತಿ ಲಿಂಗಾಯತರವಳು. ಕೆಟ್ಟ ಮನಸ್ಸಿನಿಂದ ಅಲ್ಲ, "ನಿಮ್ಮಲ್ಲಿ ಮೂರು ದೇವರು ಅಲ್ಲೇನು?" ಎಂದು ಕೇಳಿದಳು. ಉತ್ತರ ಹೇಳಲಾಗಲಿಲ್ಲ. ಹುಕ್ಕೇರಿಯಲ್ಲಿರುವ ನಮ್ಮ ಸೋದರಮಾವ ಬೇರೆ ಸಭೆಗೆ ಸೇರಿದ್ದಾರೆ. ತಂದೆ, ಮಗ, ಪವಿತ್ರಾತ್ಮ ಸೇರಿ ಒಬ್ಬನೇ ದೇವರು ಎನ್ನುವ ತ್ರಯೇಕತ್ವ ಎಂಬ ಮಾತು ಸತ್ಯವೇದದಲ್ಲೇ ಇಲ್ಲ, ಇರುವವನು ಯೇಸು ಒಬ್ಬನೇ, ನೀವೆಲ್ಲ ಯೇಸುವಿನ ಹೆಸರಿನಲ್ಲಿ ಮತ್ತೆ ದೀಕ್ಷಾಸ್ನಾನ ತಗೋಬೇಕು ಎನ್ನುತ್ತಾರೆ. ಅವ್ವ ಹೆದರಿದ್ದಾಳೆ. ಒಬ್ಬರು ಮೂರು ಅಂತಾರೆ, ಒಬ್ಬರು ಒಂದೇ ಅಂತಾರೆ, ನನಗೆ ಒಬ್ಬನಾದರೂ ಇದ್ದಾನೋ ಇಲ್ಲವೋ ಗೊತ್ತಿಲ್ಲ. ಹೀಗಿದ್ದು ಹುಡುಗರ ಮುಂದೆ ನಿಂತು ಪಾಠ ಹೇಳುವುದು ಮೋಸವಲ್ಲವೇ? ರಾತ್ರಿ ನಿದ್ದೆ ಬರುವುದಿಲ್ಲ.

— ಒಬ್ಬ ಓದುಗಿ, ಮೂಡಲಗಿ ತಾಲೂಕು

ತಂಗೀ,

ಬೋಧಕರ ಆ ಮಾತನ್ನು ಮೊದಲು ತೆಗೆದುಕೊಳ್ಳುತ್ತೇನೆ. ಉಳಿದ ಪ್ರಶ್ನೆಗಳನ್ನು ನಿಧಾನವಾಗಿ ಯೋಚಿಸಬಹುದು. ಈ ಮಾತು ಮಾತ್ರ ಒಂದು ದಿನವೂ ನಿನ್ನ ಎದೆಯಲ್ಲಿ ಇರಬಾರದು.

ನಿಮ್ಮಪ್ಪ ತೀರಿಕೊಂಡದ್ದು ನಿನ್ನ ಸಂಶಯದಿಂದ ಅಲ್ಲ. ವರ್ಷಾನುಗಟ್ಟಲೆ ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ಕಿಡ್ನಿಯೊಳಗೆ ರಕ್ತ ಸೋಸುವ ಸಣ್ಣ ನಾಳಗಳು ಒಂದೊಂದಾಗಿ ಕೆಡುತ್ತ ಹೋಗುತ್ತವೆ. ಹೊರಗೆ ನೋವೂ ಇರುವುದಿಲ್ಲ, ಗುರುತೂ ಸಿಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಬಹುಪಾಲು ಹೋಗಿರುತ್ತದೆ. ಡಯಾಲಿಸಿಸ್ ರಕ್ತ ಸೋಸುವ ಕೆಲಸವನ್ನು ಸ್ವಲ್ಪ ಮಟ್ಟಿಗೆ ಮಾಡುತ್ತದೆ, ಕೆಟ್ಟ ಕಿಡ್ನಿಯನ್ನು ಸರಿ ಮಾಡುವುದಿಲ್ಲ. ಆ ಯಂತ್ರದ ಜೊತೆ ಅಪ್ಪ ಎರಡು ವರ್ಷ ಬದುಕಿದರೆಂದರೆ ಅದರ ಹಿಂದೆ ಬಸ್ಸು ಹತ್ತಿಸಿ ಇಳಿಸಿದ, ನೀರು ಉಪ್ಪು ಅಳತೆ ಹಾಕಿಕೊಟ್ಟ, ಕಾಲು ಒತ್ತುತ್ತ ಕೂತ ನಿಮ್ಮ ಕೈಗಳಿವೆ.

ಇನ್ನು ಆ ಬೋಧಕರು ದೇವರ ಹೆಸರಿನಲ್ಲಿ ಆಡಿದ ಮಾತು. ಇದೇ ಸತ್ಯವೇದ ಓದಿ ಬೆಳೆದವಳಾಗಿ ಹೇಳುತ್ತೇನೆ, ಆ ಪುಸ್ತಕ ಈ ಮಾತನ್ನು ಒಪ್ಪುವುದಿಲ್ಲ. ಒಪ್ಪದಿರುವುದಷ್ಟೇ ಅಲ್ಲ, ಇಂಥ ಮಾತನ್ನು ಹೆಸರಿಟ್ಟು ತಳ್ಳಿಹಾಕುತ್ತದೆ. ಯೋಬನ ಗ್ರಂಥ ತೆಗೆದು ಓದು. ಏಳು ಗಂಡು, ಮೂರು ಹೆಣ್ಣು ಮಕ್ಕಳನ್ನು ಒಂದೇ ದಿನ ಕಳೆದುಕೊಂಡ ಆ ಮನುಷ್ಯನ ಬಳಿ ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಗೆಳೆಯರು ಬರುತ್ತಾರೆ. ಮೊದಲ ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ನೆಲದ ಮೇಲೆ ಅವನ ಜೊತೆ ಕೂರುತ್ತಾರೆ. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದದ್ದೇ ತಡ, ನಿನ್ನಲ್ಲಿ ಏನೋ ತಪ್ಪಿರಲೇಬೇಕು, ಇಲ್ಲದಿದ್ದರೆ ದೇವರು ಹೀಗೇಕೆ ಮಾಡಿಯಾನು ಎಂದು ಶುರುಮಾಡುತ್ತಾರೆ. ಅಧ್ಯಾಯದ ಮೇಲೆ ಅಧ್ಯಾಯ ಅದೇ ರಾಗ. ಯೋಬ ಒಪ್ಪುವುದಿಲ್ಲ. ಹುಟ್ಟಿದ ದಿನವನ್ನು ಶಪಿಸುತ್ತಾನೆ, ದೇವರನ್ನೇ ನ್ಯಾಯಕ್ಕೆ ಕರೆಯುತ್ತಾನೆ, ಕೂಗಿದರೂ ನೀನು ಕೇಳುತ್ತಿಲ್ಲ ಎಂದು ಮುಖಕ್ಕೆ ಮುಖ ಕೊಟ್ಟು ಹೇಳುತ್ತಾನೆ. ಕಡೆಯ ಅಧ್ಯಾಯದಲ್ಲಿ ದೇವರ ಸಿಟ್ಟು ಇಳಿಯುವುದು ಯಾರ ಮೇಲೆ ಗೊತ್ತೇ? ದೇವರ ಪರವಾಗಿ ವಾದಿಸಿದ ಆ ಗೆಳೆಯರ ಮೇಲೆ. ಜಗಳವಾಡಿದ ಯೋಬನೇ ತನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದ್ದು ಎಂದು ದೇವರು ತೀರ್ಪು ಕೊಡುತ್ತಾನೆ. ಆ ರಾತ್ರಿಗಳಲ್ಲಿ ನಿನಗೆ ಅನ್ನಿಸಿದ್ದು ಯೋಬನಿಗೆ ಅನ್ನಿಸಿದ್ದೇ. ಬೋಧಕರು ಆಡಿದ್ದು ಎಲೀಫಜನ ಮಾತು.

ಯೇಸುವಿನ ಎದುರಿಗೂ ಇದೇ ಪ್ರಶ್ನೆ ಬಂದಿತ್ತು. ಹುಟ್ಟುಕುರುಡನೊಬ್ಬನನ್ನು ಕಂಡ ಶಿಷ್ಯರು ಇದು ಯಾರ ಪಾಪ, ಇವನದೋ ಇವನ ಹೆತ್ತವರದೋ ಎಂದು ಕೇಳಿದರು. ಇಬ್ಬರದೂ ಅಲ್ಲ ಎಂದ. ಸಿಲೋವದಲ್ಲಿ ಗೋಪುರ ಕುಸಿದು 18 ಜನ ಸತ್ತಾಗಲೂ ಅಷ್ಟೇ. ಅವರು ಉಳಿದವರಿಗಿಂತ ಹೆಚ್ಚು ಪಾಪಿಗಳಾಗಿದ್ದರು ಎಂದು ತಿಳಿಯಬೇಡಿ ಎಂದ. 2019ರ ಆಗಸ್ಟಿನಲ್ಲಿ ಘಟಪ್ರಭಾ ಉಕ್ಕಿ ಲೋಳಸೂರ ಸೇತುವೆ ಮುಳುಗಿ ಗೋಕಾಕದ ಪೇಟೆಯೊಳಗೆ ನೀರು ನುಗ್ಗಿದ್ದನ್ನು ನೀನು ಕಂಡಿರಬಹುದು. ನೀರು ಯಾರ ನಂಬಿಕೆಯನ್ನೂ ಅಳೆದು ಒಳಗೆ ಬರಲಿಲ್ಲ. ಹೊಳೆಗೆ ಹತ್ತಿರವಿದ್ದ ಮನೆಗಳಿಗೆ ಬಂತು. ಆಗ ಇಷ್ಟು ಸ್ಪಷ್ಟವಾಗಿ ಕಂಡದ್ದು ನಮ್ಮದೇ ಮನೆಯಲ್ಲಿ ಸಾವಾದಾಗ ಮಂಜಾಗುತ್ತದೆ. ಯಾಕೆಂದರೆ ಕಾರಣವೇ ಇಲ್ಲ ಎನ್ನುವುದಕ್ಕಿಂತ ನಾನೇ ಕಾರಣ ಎನ್ನುವುದು ಹಿಡಿದುಕೊಳ್ಳಲು ಸುಲಭ. ದುಃಖದಲ್ಲಿದ್ದವರು ಎಷ್ಟೋ ಜನ ಹೀಗೆ ಅಪರಾಧವನ್ನು ತಮ್ಮ ತಲೆಗೆ ತಂದುಕೊಳ್ಳುತ್ತಾರೆ. ಅಂಥ ಹೊತ್ತಿನಲ್ಲಿ ಯಾರಾದರೂ ದೇವರ ಮುದ್ರೆ ಒತ್ತಿ ಅದನ್ನು ಖಾಯಂ ಮಾಡಿದರೆ ಅದು ಕ್ರೌರ್ಯ. ಈ ಮಾತನ್ನು ನಾನು ಮೆತ್ತಗೆ ಮಾಡಿ ಹೇಳಲಾರೆ.

ಇನ್ನು ದೇವರು ಇದ್ದಾನೆಯೇ ಎಂಬ ಪ್ರಶ್ನೆ. ಕ್ರೈಸ್ತರು ಇದಕ್ಕೆ ಬಹಳ ಕಾಲದಿಂದ ವಾದಗಳನ್ನು ಕಟ್ಟಿದ್ದಾರೆ. ಹನ್ನೊಂದನೆಯ ಶತಮಾನದಲ್ಲಿ ಆನ್ಸೆಲ್ಮ್ ಎಂಬ ಸನ್ಯಾಸಿ, ಯಾವುದಕ್ಕಿಂತ ದೊಡ್ಡದನ್ನು ಯೋಚಿಸಲಾಗದೋ ಅದು ಬರಿಯ ಯೋಚನೆಯಾಗಿ ಉಳಿಯಲಾರದು ಎಂದು ವಾದಿಸಿದ. ಗೌನಿಲೋ ಎಂಬ ಇನ್ನೊಬ್ಬ ಸನ್ಯಾಸಿ ಕೂಡಲೇ ಅದನ್ನು ಪ್ರಶ್ನಿಸಿದ. ಇಬ್ಬರೂ ನಂಬಿದವರೇ. ಹದಿಮೂರನೆಯ ಶತಮಾನದ ತೋಮಸ್ ಅಕ್ವಿನಾಸ್ ಐದು ದಾರಿಗಳನ್ನು ತೋರಿಸಿದ. ಚಲಿಸುವುದಕ್ಕೆಲ್ಲ ಚಾಲನೆ ಕೊಟ್ಟದ್ದು ಯಾವುದು, ಇಲ್ಲದೆಯೂ ಇರಬಹುದಾಗಿದ್ದ ಈ ಜಗತ್ತು ಯಾಕೆ ಇದೆ, ಎಂಬ ಬಗೆಯ ಪ್ರಶ್ನೆಗಳಿಂದ ಹೊರಟು ದೇವರ ಕಡೆಗೆ ನಡೆಯುವ ವಾದಗಳು ಅವು. ಅವನ್ನು ಒಪ್ಪದ ಪ್ರಾಮಾಣಿಕರು ಅಂದೂ ಇದ್ದರು, ಇಂದೂ ಇದ್ದಾರೆ. ನನಗೆ ಆ ವಾದಗಳಿಗಿಂತ ಮುಖ್ಯವಾಗಿ ಕಾಣುವುದು ಅವುಗಳ ಹಿಂದೆ ಅಕ್ವಿನಾಸ್ ಹಿಡಿದಿದ್ದ ಒಂದು ಎಚ್ಚರ. ಇರುವ ವಸ್ತುಗಳ ನಡುವೆ ದೇವರು ಇನ್ನೊಂದು ವಸ್ತುವಲ್ಲ, ಎಲ್ಲೋ ಮೇಲೆ ಕೂತ ಬಲಶಾಲಿ ವ್ಯಕ್ತಿಯೂ ಅಲ್ಲ. ಇರುವುದೆಲ್ಲ ಯಾವುದರಿಂದ ಇದೆಯೋ ಅದು. ಹಾಗಾಗಿ ದೇವರು ಏನಲ್ಲ ಎಂದು ತಿಳಿಯಬಹುದು, ಏನು ಎಂದು ತಿಳಿಯಲಾಗದು ಎಂದ ಅವನು. ಅಷ್ಟೆಲ್ಲ ಬರೆದವನು 1273ರ ಡಿಸೆಂಬರಿನಲ್ಲಿ ಒಂದು ದಿನ ಲೇಖನಿ ಕೆಳಗಿಟ್ಟ. ತಾನು ಬರೆದದ್ದೆಲ್ಲ ಹುಲ್ಲಿನಂತೆ ಕಾಣುತ್ತಿದೆ ಎಂದ. ಮುಂದಿನ ಮಾರ್ಚಿನಲ್ಲಿ ತೀರಿಕೊಂಡ.

ನಮ್ಮ ಮನೆಗಳಲ್ಲಿ ದೇವರ ಚಿತ್ರ ಎಷ್ಟೋ ಸಲ ಇದಕ್ಕೆ ತದ್ವಿರುದ್ಧವಾಗಿರುತ್ತದೆ. ಇಷ್ಟು ಉಪವಾಸ ಮಾಡಿದರೆ ಇಷ್ಟು ಕೊಡುತ್ತಾನೆ, ನಂಬಿಕೆ ಒಂದು ಗುಂಜಿ ಕಡಿಮೆಯಾದರೆ ಕೊಡದೆ ಹೋಗುತ್ತಾನೆ ಎಂಬ ಲೆಕ್ಕದ ದೇವರು. ನಿಮ್ಮ ಮನೆಗೆ ಬಂದ ಬೋಧಕರು ಸಾರಿದ್ದು ಅವನನ್ನೇ. ನೀನು ದಿನವಿಡೀ ಲೆಕ್ಕ ಬರೆಯುವವಳು, ಲೆಕ್ಕ ಎಲ್ಲಿ ಸಲ್ಲುತ್ತದೆ ಎಲ್ಲಿ ಸಲ್ಲುವುದಿಲ್ಲ ಎಂಬುದು ನಿನಗೇ ಗೊತ್ತಿದೆ. ಅಂಥ ದೇವರು ಇಲ್ಲ ಎಂದು ನಿನಗೆ ಅನ್ನಿಸಿದ್ದರೆ ನಿನಗೆ ಅನ್ನಿಸಿದ್ದು ಸರಿ. ಕ್ರೈಸ್ತ ವಿಶ್ವಾಸವೂ ಅದನ್ನೇ ಹೇಳುತ್ತದೆ.

ಆದರೆ ನಿನ್ನ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ ಎಂದು ಬಲ್ಲೆ. ಆ ರಾತ್ರಿಗಳಲ್ಲಿ ಯಾರಾದರೂ ಕೇಳುತ್ತಿದ್ದರೇ? ಸಿಟ್ಟು ಬಂದಿದೆ ಎಂದರೆ ಒಳಗೆ ನಂಬಿಕೆ ಇದೆ ಎಂದೇ ಅರ್ಥ ಎಂದು ಕೆಲವರು ಸಲೀಸಾಗಿ ಹೇಳಿಬಿಡುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ನಿನ್ನ ಒಳಗೆ ಏನಿದೆ ಎಂದು ನಿನಗಿಂತ ಚೆನ್ನಾಗಿ ನನಗೆ ಗೊತ್ತಿಲ್ಲ. ನಿನ್ನ ಧರ್ಮ ಈ ಮೌನವನ್ನು ಮುಚ್ಚಿಟ್ಟಿಲ್ಲ ಎಂಬುದನ್ನು ಮಾತ್ರ ತೋರಿಸಬಲ್ಲೆ. 88ನೆಯ ಕೀರ್ತನೆ ಓದಿ ನೋಡು. ಬಹಳಷ್ಟು ದುಃಖದ ಕೀರ್ತನೆಗಳು ಕೊನೆಗೆ ಸ್ತೋತ್ರಕ್ಕೆ ತಿರುಗುತ್ತವೆ. ಇದು ತಿರುಗುವುದಿಲ್ಲ. ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನು ಸತ್ಯವೇದಕ್ಕೆ ಸೇರಿಸಿದವರು ಸಮಾಧಾನದ ಒಂದು ಸಾಲು ಅಂಟಿಸಿ ಮುಗಿಸಬಹುದಿತ್ತು, ಅಂಟಿಸಲಿಲ್ಲ. ಮಾರ್ಕನ ಸುವಾರ್ತೆಯ 9ನೆಯ ಅಧ್ಯಾಯದಲ್ಲಿ ರೋಗಿ ಮಗನ ತಂದೆಯೊಬ್ಬ ಬರುತ್ತಾನೆ. ನಂಬುತ್ತೇನೆ ಎಂದವನೇ ಅದೇ ಉಸಿರಿನಲ್ಲಿ ತನ್ನ ಅಪನಂಬಿಕೆಗೂ ನೆರವು ಬೇಡುತ್ತಾನೆ. ನಿನ್ನ ನಂಬಿಕೆ ಪೂರ್ತಿಯಾಗಲಿ, ಆಮೇಲೆ ಬಾ ಎಂದು ಯೇಸು ಅವನನ್ನು ಹೊರಗೆ ಕಳಿಸಲಿಲ್ಲ. ಅರ್ಧ ನಂಬಿದವನ ಮಗನೇ ಎದ್ದು ನಿಂತ. ನಿಮ್ಮ ಮನೆಯ ಬೋಧಕರು ಈ ಅಧ್ಯಾಯವನ್ನು ಓದಿರಲಿಕ್ಕಿಲ್ಲ.

ಈಗ ನಿನ್ನ ಗೆಳತಿಯ ಪ್ರಶ್ನೆಗೆ ಬರುತ್ತೇನೆ. ಮೂಡಲಗಿಯ ಶಿವಬೋಧರಂಗ ಮಠ, ಅರಭಾವಿಯ ದುರದುಂಡೀಶ್ವರ ಮಠ ಇರುವ ಸೀಮೆ ನಿಮ್ಮದು. ಭಜನೆ, ಪ್ರವಚನ ಕೇಳುತ್ತ ಬೆಳೆದ ಹುಡುಗಿಗೆ ನಿರಾಕಾರ, ಬಯಲು ಎಂಬ ಮಾತುಗಳು ಹೊಸವಲ್ಲ. ದೇವರು ಒಬ್ಬನೇ ಎಂಬುದು ಅವಳಿಗೆ ಬಸವಣ್ಣನವರು ಕೊಟ್ಟ ಬೆಳಕು. ಹಾಗಾಗಿ ಅವಳು ಕೇಳಿದ್ದು ಒಳ್ಳೆಯ ಪ್ರಶ್ನೆ, ಹಳೆಯ ಪ್ರಶ್ನೆಯೂ ಹೌದು. ನಾಲ್ಕನೆಯ ಶತಮಾನದಲ್ಲಿ, ಇಂದು ಟರ್ಕಿ ಎನ್ನುವ ದೇಶದಲ್ಲಿ, ಅಬ್ಲಾಬಿಯ ಎಂಬವನು ನಿಸ್ಸ ಪಟ್ಟಣದ ಬಿಷಪ್ ಗ್ರೆಗೊರಿಗೆ ಇದನ್ನೇ ಕೇಳಿದ್ದ. ಪೇತ್ರ, ಯಾಕೋಬ, ಯೋಹಾನ ಮೂವರದೂ ಮನುಷ್ಯ ಸ್ವಭಾವವೇ, ಆದರೂ ಅವರನ್ನು ಮೂವರು ಮನುಷ್ಯರು ಎನ್ನುತ್ತೇವೆ. ಹಾಗಿದ್ದರೆ ತಂದೆ, ಮಗ, ಪವಿತ್ರಾತ್ಮರನ್ನು ಮೂವರು ದೇವರು ಎಂದರೆ ತಪ್ಪೇನು? ಗ್ರೆಗೊರಿ ಬರೆದ ಉತ್ತರ ಇಂದಿಗೂ ಉಳಿದಿದೆ. ಮೂವರು ಮನುಷ್ಯರು ಒಂದೇ ಕೆಲಸ ಮಾಡಿದರೂ ಪ್ರತಿಯೊಬ್ಬನೂ ಬೇರೆ ಬೇರೆ ಮಾಡುತ್ತಾನೆ. ದೇವರ ಕೆಲಸ ಹಾಗೆ ಹಂಚಿಹೋಗುವುದಿಲ್ಲ. ತಂದೆಯಿಂದ ಹೊರಡುವುದು ಮಗನ ಮೂಲಕ ಹಾದು ಪವಿತ್ರಾತ್ಮನಲ್ಲಿ ಪೂರ್ಣವಾಗುತ್ತದೆ. ಮೂರು ಕೆಲಸಗಳಿಲ್ಲ, ಮೂರು ಇಚ್ಛೆಗಳಿಲ್ಲ, ಆದ್ದರಿಂದ ಮೂರು ದೇವರಿಲ್ಲ. ಅವನ ವಾದದ ತಿರುಳು ಇಷ್ಟು.

ಸಂಡೇ ಸ್ಕೂಲಿನಲ್ಲಿ ನೀರು, ಮಂಜುಗಡ್ಡೆ, ಉಗಿ ಎಂದು ಹೇಳಿಕೊಡುವ ರೂಢಿ ಇದೆ. ನೀನೂ ಹೇಳಿರಬಹುದು. ಇನ್ನು ಮೇಲೆ ಬಿಟ್ಟುಬಿಡು. ಒಬ್ಬನೇ ದೇವರು ಒಮ್ಮೆ ತಂದೆಯ ವೇಷ, ಒಮ್ಮೆ ಮಗನ ವೇಷ ಹಾಕುತ್ತಾನೆ ಎಂಬ ಅರ್ಥ ಅದರಿಂದ ಬರುತ್ತದೆ. ಮೂರನೆಯ ಶತಮಾನದಲ್ಲೇ ರೋಮಿನಲ್ಲಿ ಸಬೆಲ್ಲಿಯ ಎಂಬವನ ಹೆಸರಿನಲ್ಲಿ ಈ ಬೋಧನೆ ಇತ್ತು, ಸಭೆ ಅದನ್ನು ತಳ್ಳಿತು. ನಿಮ್ಮ ಮಾವ ಹೇಳುತ್ತಿರುವುದೂ ಹೆಚ್ಚುಕಡಿಮೆ ಅದೇ.

ಮಾವನಿಗೆ ಅಗೌರವ ತೋರದೆ ಎರಡು ಸಂಗತಿ ಹೇಳಬಹುದು. ತ್ರಯೇಕತ್ವ ಎಂಬ ಹೆಸರು ಸತ್ಯವೇದದಲ್ಲಿ ಇಲ್ಲ, ಅದು ನಿಜ. ಕಾರ್ಥೇಜಿನ ತೆರ್ತುಲ್ಲಿಯನು ಮೂರನೆಯ ಶತಮಾನದ ಆರಂಭದಲ್ಲಿ ಲ್ಯಾಟಿನ್ನಿನಲ್ಲಿ ಬಳಸಿದ ಹೆಸರು ಅದು. ಆದರೆ ಹೆಸರಿಗಿಂತ ಅನುಭವ ಹಳೆಯದು. ಮೊದಲ ಶಿಷ್ಯರು ಯೆಹೂದ್ಯರು, ದೇವರು ಒಬ್ಬನೇ ಎಂದು ದಿನಕ್ಕೆರಡು ಸಲ ಪಠಿಸುತ್ತಿದ್ದವರು. ಅಂಥವರೇ ಯೇಸುವಿಗೆ ಪ್ರಾರ್ಥಿಸತೊಡಗಿದರು, ತಮ್ಮೊಳಗೆ ಪವಿತ್ರಾತ್ಮ ಇದ್ದಾನೆ ಎಂದರು, ಆದರೂ ಒಬ್ಬನೇ ದೇವರು ಎಂಬುದನ್ನು ಬಿಡಲಿಲ್ಲ. 112ರ ಸುಮಾರಿಗೆ ರೋಮನ್ ಅಧಿಕಾರಿ ಪ್ಲಿನಿ ಚಕ್ರವರ್ತಿ ತ್ರಾಜನನಿಗೆ ಬರೆದ ಪತ್ರದಲ್ಲಿ, ಈ ಜನ ಬೆಳಕು ಹರಿಯುವ ಮುಂಚೆ ಕೂಡಿ ಕ್ರಿಸ್ತನಿಗೆ ದೇವರಿಗೆಂಬಂತೆ ಹಾಡು ಹೇಳುತ್ತಾರೆ ಎಂದು ತಿಳಿಸಿದ್ದಾನೆ. ಮಗನು ಸೃಷ್ಟಿಯಾದವನು, ಅವನು ಇಲ್ಲದಿದ್ದ ಕಾಲವಿತ್ತು ಎಂದು ಆರಿಯಸ್ ಬೋಧಿಸಿದಾಗ 325ರಲ್ಲಿ ನಿಕೇಯದಲ್ಲಿ ಬಿಷಪ್ಪರು ಕೂಡಿ ಅಲ್ಲ ಎಂದರು. 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಪವಿತ್ರಾತ್ಮನ ವಿಷಯ ವಿವರವಾಗಿ ಸೇರಿತು. ಸಭೆಗಳಲ್ಲಿ ಹೇಳುವ ವಿಶ್ವಾಸ ಪ್ರಮಾಣ ಬಂದದ್ದು ಆ ದಾರಿಯಿಂದ. ಯೊರ್ದನ್ ಹೊಳೆಯಲ್ಲಿ ಯೇಸು ನೀರಿನಿಂದ ಮೇಲೆ ಬಂದಾಗ ಮೇಲಿನಿಂದ ತಂದೆಯ ದನಿ ಕೇಳಿಸಿತು, ಆತ್ಮ ಪಾರಿವಾಳದಂತೆ ಇಳಿಯಿತು ಎಂದು ಸುವಾರ್ತೆ ಹೇಳುತ್ತದೆ. ಮೂರೂ ಒಬ್ಬನ ವೇಷಗಳಾದರೆ ಅಲ್ಲಿ ಯಾರು ಯಾರೊಡನೆ ಮಾತಾಡಿದರು?

ಎರಡನೆಯದು ದೀಕ್ಷಾಸ್ನಾನ. ಅಪೊಸ್ತಲರ ಕೃತ್ಯಗಳಲ್ಲಿ ಯೇಸುವಿನ ಹೆಸರಿನ ಸ್ನಾನದ ಮಾತು ಇದೆ, ಮಾವ ತೋರಿಸುವುದು ಅದನ್ನೇ. ಮತ್ತಾಯನ ಸುವಾರ್ತೆಯ ಕೊನೆಯಲ್ಲಿ ತಂದೆ, ಮಗ, ಪವಿತ್ರಾತ್ಮರ ಹೆಸರಿನ ಆಜ್ಞೆಯೂ ಇದೆ. ಅದನ್ನು ಹಿಡಿದೇ ಕಥೋಲಿಕ, ಆರ್ಥೊಡಾಕ್ಸ್, ಮೆಥೋಡಿಸ್ಟ್, ಸಿ.ಎಸ್.ಐ. ಸಭೆಗಳೆಲ್ಲ ನಡೆದಿವೆ. ಯೇಸು ಒಬ್ಬನೇ ಎಂಬ ಈಗಿನ ಬೋಧನೆ ಅಮೆರಿಕದ ಪೆಂತಕೋಸ್ತರ ನಡುವೆ 1913ರ ನಂತರ ಹಬ್ಬಿದ್ದು. 1916ರಲ್ಲಿ ಅಸೆಂಬ್ಲೀಸ್ ಆಫ್ ಗಾಡ್ ಎಂಬ ದೊಡ್ಡ ಪೆಂತಕೋಸ್ತ ಸಭೆಯೇ ಅದನ್ನು ಒಪ್ಪದೆ ಒಡೆಯಿತು. ಅವ್ವನಿಗೆ ಇಷ್ಟು ತಿಳಿಸು. ಅವಳಿಗೆ ಆದ ಸ್ನಾನ ಆಗಿದೆ. ಅದನ್ನು ಎರಡನೆಯ ಸಲ ಮಾಡಿಸಬೇಕೆಂದು ಅವಳ ಸಭೆ ಕೇಳುವುದಿಲ್ಲ, ಅಳುತ್ತಿರುವ ವಿಧವೆಯ ಮುಂದೆ ಆ ಹೆದರಿಕೆಯನ್ನು ಇಡುವ ಹಕ್ಕು ಯಾರಿಗೂ ಇಲ್ಲ. ಮಾವ ಅಣ್ಣನಾಗಿ ಬರಲಿ, ಊಟ ಮಾಡಲಿ, ಅಪ್ಪನ ಮಾತಾಡಲಿ. ಸ್ನಾನದ ಮಾತು ಈ ವರ್ಷ ಬೇಡ ಎಂದು ನೀನೇ ಮುಂದೆ ನಿಂತು ಹೇಳಬೇಕು.

ಗೆಳತಿಗೆ ಮಾತ್ರ ಇಷ್ಟೆಲ್ಲ ಇಸವಿ ಹೇಳಬೇಡ. ದೇವರು ಒಬ್ಬನೇ ಎಂಬುದರಲ್ಲಿ ನಿನಗೂ ನನಗೂ ಜಗಳವಿಲ್ಲ, ಆ ಒಬ್ಬನ ಒಳಗೇ ಪ್ರೀತಿ ಇದೆ, ಕೊಡುವುದು ಪಡೆಯುವುದು ಇದೆ ಎಂದು ನಾವು ನಂಬುತ್ತೇವೆ ಎನ್ನು. ಆಮೇಲೆ ಅವಳ ಇಷ್ಟಲಿಂಗದ ವಿಷಯ ಕೇಳು, ಅವಳು ಹೇಳಲಿ. ನಮ್ಮ ನಾಡಿನಲ್ಲಿ ಇದಕ್ಕೆ ಒಳ್ಳೆಯ ದಾರಿ ಹಾಕಿಕೊಟ್ಟವರಿದ್ದಾರೆ. ಬಾಸೆಲ್ ಮಿಷನ್ ಸಭೆಯ ಪಾದ್ರಿ ಉತ್ತಂಗಿ ಚನ್ನಪ್ಪನವರು ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದರು, ಅನುಭವ ಮಂಟಪದ ಚರಿತ್ರೆಗಾಗಿ ದುಡಿದರು, 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಕ್ರಿಸ್ತನನ್ನು ಬಿಡದೆಯೇ ಶರಣರನ್ನು ಎದೆಗೆ ಹಚ್ಚಿಕೊಂಡವರು ಅವರು. ಗೋಕಾಕದ ಕಚೇರಿಯಲ್ಲಿ ಬುತ್ತಿ ಹಂಚಿಕೊಂಡು ಉಣ್ಣುವ ಇಬ್ಬರು ಹುಡುಗಿಯರಿಗೆ ಅಷ್ಟು ಧೈರ್ಯ ಸಾಕು.

ಇಷ್ಟು ಹೊತ್ತು ತ್ರಯೇಕತ್ವದ ಮಾತಾಡಿದ್ದು ಗೆಳತಿಗಾಗಿ, ಮಾವನಿಗಾಗಿ. ನಿನಗಾಗಿ ಹೇಳಬೇಕಾದದ್ದು ಇನ್ನೂ ಇದೆ. ನನ್ನ ಮಟ್ಟಿಗೆ ಈ ಬೋಧನೆಯ ಜೀವ ಇರುವುದೇ ಇಲ್ಲಿ. ಶಿಲುಬೆಯ ಮೇಲೆ ಯೇಸು ಕೂಗಿದ್ದು, ತನ್ನನ್ನು ಯಾಕೆ ಕೈಬಿಟ್ಟೆ ಎಂದು. ಆ ಕೂಗಿಗೆ ಆಕಾಶದಿಂದ ಉತ್ತರ ಬರಲಿಲ್ಲ. ಮಗನು ದೇವರೇ ಎಂದು ನಿಕೇಯ ಹೇಳಿದ್ದು ಸರಿಯಾದರೆ, ಯಾರೂ ಕೇಳುತ್ತಿಲ್ಲ ಎಂಬ ಆ ಅನುಭವ ದೇವರ ಹೊರಗೆ ಉಳಿದಿಲ್ಲ. ಜರ್ಮನಿಯ ಯೂರ್ಗೆನ್ ಮೋಲ್ಟ್‌ಮನ್ ಹದಿಹರೆಯದಲ್ಲಿ ಹ್ಯಾಂಬರ್ಗಿನ ಬಾಂಬು ದಾಳಿಯಲ್ಲಿ ಪಕ್ಕದಲ್ಲಿದ್ದ ಗೆಳೆಯ ಸತ್ತದ್ದನ್ನು ಕಂಡವನು, ಯುದ್ಧಕೈದಿಯಾಗಿ ಸತ್ಯವೇದ ಓದಿದವನು. 1972ರಲ್ಲಿ ಒಂದು ಇಡೀ ಪುಸ್ತಕವನ್ನು ಈ ಕೂಗಿನ ಸುತ್ತಲೇ ಬರೆದ. ನೋವು ತಟ್ಟದ ದೇವರು ಪ್ರೀತಿಸಲೂ ಆರನು ಎಂಬುದು ಅವನ ವಾದ. ಎಲ್ಲ ಕ್ರೈಸ್ತರೂ ಅವನನ್ನು ಒಪ್ಪಿಲ್ಲ. ದೇವರ ಸ್ವಭಾವಕ್ಕೆ ನೋವು ತಟ್ಟದು, ನೊಂದದ್ದು ಮಗನು ತೊಟ್ಟ ಮನುಷ್ಯತ್ವ ಎಂದು ಹಳೆಯ ಗುರುಗಳು ಹೇಳುತ್ತಾರೆ. ಆ ವಾದ ಹೇಗೇ ಮುಗಿಯಲಿ, ಅಪ್ಪನ ಹಾಸಿಗೆಯ ಪಕ್ಕ ನೀನು ಕೂತಿದ್ದ ಜಾಗ ಶಿಲುಬೆಗೆ ದೂರವಿರಲಿಲ್ಲ.

ಪೌಲನು ರೋಮಾಪುರದವರಿಗೆ ಬರೆದ ಪತ್ರದ 8ನೆಯ ಅಧ್ಯಾಯದಲ್ಲಿ ಇನ್ನೂ ಒಂದು ಮಾತಿದೆ. ಹೇಗೆ ಪ್ರಾರ್ಥಿಸಬೇಕು ಎಂದು ನಮಗೆ ತಿಳಿಯದಾದಾಗ ಪವಿತ್ರಾತ್ಮನೇ ನಮ್ಮೊಳಗೆ ಮಾತಿಲ್ಲದ ನರಳಾಟದಿಂದ ಬೇಡಿಕೊಳ್ಳುತ್ತಾನೆ ಎನ್ನುತ್ತಾನೆ. ಅಂದರೆ ಕೇಳುವವನು ಒಬ್ಬ ಮೇಲೆ, ಬೇಡುವ ನೀನೊಬ್ಬಳು ಕೆಳಗೆ ಎಂಬ ಏರ್ಪಾಡು ಅಲ್ಲ ಇದು. ಪ್ರಾರ್ಥನೆ ಕೇಳುವುದು ತಂದೆ, ನಿನ್ನ ಜೊತೆ ಕೂಗುವುದು ಮಗ, ನಿನ್ನೊಳಗೆ ನರಳುವುದು ಪವಿತ್ರಾತ್ಮ, ಮೂವರೂ ಸೇರಿ ಒಬ್ಬನೇ ದೇವರು. ಇದು ಸತ್ಯವೆಂದು ನಾನು ಸಾಬೀತು ಮಾಡಲಾರೆ. ಆದರೆ ಕ್ರೈಸ್ತರು ತ್ರಯೇಕ ದೇವರು ಎಂದಾಗ ನಂಬುವುದು ಇದನ್ನು. ಇದನ್ನು ನಂಬುವವರು, ಒಬ್ಬ ಹುಡುಗಿಗೆ ಪ್ರಾರ್ಥಿಸುವಾಗ ಯಾರೂ ಕೇಳುತ್ತಿಲ್ಲ ಎಂದು ಅನ್ನಿಸಿತು ಎಂಬುದಕ್ಕಾಗಿ ದೇವರು ಅವಳ ಅಪ್ಪನನ್ನು ಕೈಬಿಟ್ಟ ಎಂದು ಹೇಗೆ ತಾನೇ ಹೇಳಿಯಾರು?

ಸಂಡೇ ಸ್ಕೂಲ್ ಮೋಸವೇ ಎಂದು ಕೇಳಿದೆ. ನಿಮ್ಮ ಸಭೆಯ ಬೇರಿನ ಕಡೆ ನೋಡು. ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ ಬಳ್ಳಾರಿಯಿಂದ ಬೆಳಗಾವಿಗೆ ಬಂದದ್ದು 1820ರಲ್ಲಿ. ಆ ಮಿಷನ್ 1904ರಲ್ಲಿ ಬೆಳಗಾವಿಯ ಕೆಲಸವನ್ನು ಮೆಥೋಡಿಸ್ಟರಿಗೆ ಒಪ್ಪಿಸಿತು. ಆ ಮೆಥೋಡಿಸ್ಟರ ಮೂಲಪುರುಷ ಜಾನ್ ವೆಸ್ಲಿಗೆ 1738ರ ಮಾರ್ಚಿನಲ್ಲಿ ನಿನ್ನದೇ ತೊಳಲಾಟ ಇತ್ತು. ನನಗೇ ನಂಬಿಕೆ ಇಲ್ಲ, ಬೋಧನೆ ನಿಲ್ಲಿಸಲೇ ಎಂದು ಪೀಟರ್ ಬೋಲರ್ ಎಂಬ ಗೆಳೆಯನನ್ನು ಕೇಳಿದ. ನಿಲ್ಲಿಸಬೇಡ, ನಂಬಿಕೆ ಬರುವ ತನಕ ನಂಬಿಕೆಯನ್ನೇ ಬೋಧಿಸು ಎಂದ ಬೋಲರ್. ಅದೇ ವರ್ಷದ ಮೇ 24ರಂದು ವೆಸ್ಲಿಗೆ ಎದೆ ಬೆಚ್ಚಗಾದ ಅನುಭವವಾಯಿತು, ಆ ಕಥೆ ನಿನಗೆ ಗೊತ್ತಿರುತ್ತದೆ. ಬಹಳ ಜನ ಹೇಳದ ಸಂಗತಿಯೆಂದರೆ, 28 ವರ್ಷಗಳ ಮೇಲೆ, 1766ರಲ್ಲಿ, ಊರೂರು ತಿರುಗಿ ಬೋಧಿಸಿದ ಅದೇ ವೆಸ್ಲಿ ತಮ್ಮ ಚಾರ್ಲ್ಸ್‌ಗೆ ಬರೆದ ಪತ್ರದಲ್ಲಿ ತಾನು ದೇವರನ್ನು ಪ್ರೀತಿಸುವುದಿಲ್ಲ, ಎಂದೂ ಪ್ರೀತಿಸಿರಲೇ ಇಲ್ಲ ಎಂದು ತೋಡಿಕೊಂಡಿದ್ದಾನೆ. ಬರೆದ ಮೇಲೂ ಅವನು ಕುದುರೆ ಹತ್ತಿ ಮುಂದಿನ ಊರಿಗೆ ಹೋದ.

ಆದರೂ ಬೋಲರನ ಸಲಹೆಯನ್ನು ನಿನಗೆ ಹಾಗೆಯೇ ದಾಟಿಸುವುದಿಲ್ಲ. ನೀನು ದಣಿದಿದ್ದೀಯ. ಒಂದೆರಡು ತಿಂಗಳು ಪಾಠದಿಂದ ಬಿಡುವು ಬೇಕೆಂದರೆ ಸಭಾಪಾಲಕರಿಗೆ ಹೇಳಿ ತೆಗೆದುಕೋ, ಅದರಲ್ಲಿ ನಾಚಿಕೆಯಿಲ್ಲ. ಮುಂದುವರಿಸುವೆಯಾದರೆ ನಿನಗೆ ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಹೇಳಬೇಡ, ಅಷ್ಟೇ. ಹುಡುಗರಿಗೆ ಯೋಬನ ಕಥೆ ಹೇಳು, ಲಾಜರನ ಗೋರಿಯ ಬಳಿ ಯೇಸು ಅತ್ತದ್ದನ್ನು ಹೇಳು. ನಾಳೆ ಅವರ ಮನೆಯಲ್ಲೂ ಕಾಯಿಲೆ ಬರುತ್ತದೆ, ಸಾವು ಬರುತ್ತದೆ. ಆಗ ನಿಮ್ಮ ಮನೆಗೆ ಬಂದಂಥ ಮಾತು ಅವರ ಕಿವಿಗೂ ಬಿದ್ದರೆ, ಅದು ಸುಳ್ಳು ಎಂದು ಗುರುತಿಸಲು ಈ ಕಥೆಗಳು ಬೇಕಾಗುತ್ತವೆ.

ನಿದ್ದೆಯ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡ. ಇಷ್ಟು ತಿಂಗಳು ನಿದ್ದೆಗೆಟ್ಟರೆ ಮನಸ್ಸು ಎಲ್ಲವನ್ನೂ ಕಪ್ಪಾಗಿಯೇ ನೋಡುತ್ತದೆ, ಪ್ರಾರ್ಥನೆಯಿಂದ ಮಾತ್ರ ಅದು ಸರಿಹೋಗಬೇಕೆಂಬ ಹಟ ಬೇಡ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮುಖಾಮುಖಿ ತೋರಿಸಬೇಕೆಂದರೆ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಆಸ್ಪತ್ರೆ ಇದೆ. ಸತ್ತುಹೋಗಬೇಕು ಎಂಬ ಯೋಚನೆ ಒಮ್ಮೆಯಾದರೂ ಬಂದಿದ್ದರೆ ಇವತ್ತೇ ಕರೆ ಮಾಡು.

ಇನ್ನು ನಿಮ್ಮವ್ವ. ಬೋಧಕರು ಈ ಮನೆಯಲ್ಲಿ ಒಬ್ಬರು ಎಂದರು, ಹೆಸರು ಹೇಳಲಿಲ್ಲ. ಆ ಒಬ್ಬರು ನಾನೇ ಎಂದು ನೀನು ಇಷ್ಟು ದಿನ ನಿದ್ದೆಗೆಟ್ಟೆ. ಅವ್ವನೂ ಅದೇ ಕೋಣೆಯಲ್ಲಿ ಕೂತು ಅದೇ ಮಾತು ಕೇಳಿದ್ದಾಳೆ. ಎರಡು ವರ್ಷ ಗಂಡನ ಆರೈಕೆ ಮಾಡಿದ ಹೆಂಗಸಿಗೆ ಒಂದು ರಾತ್ರಿಯಾದರೂ ಸಾಕಪ್ಪಾ ದೇವರೇ ಎಂದು ಅನ್ನಿಸದೆ ಇದ್ದೀತೇ? ಆ ಒಬ್ಬರು ತಾನೇ ಎಂದು ಅವಳೂ ಹೇಳದೆ ನುಂಗಿಕೊಂಡಿರಬಹುದು. ಮತ್ತೆ ದೀಕ್ಷಾಸ್ನಾನ ಎಂದಾಗ ಅವಳು ಅಷ್ಟು ಹೆದರಿದ್ದು ಅದಕ್ಕೇ ಇರಬಹುದು ಎಂದು ನನಗೆ ಅನ್ನಿಸುತ್ತದೆ. ಈ ರವಿವಾರ ಅಡಿಗೆ ಮಾಡುವ ಹೊತ್ತಿನಲ್ಲೋ, ರಾತ್ರಿ ಹಾಸಿಗೆ ಹಾಸುವಾಗಲೋ ನಿನ್ನ ಮಾತು ಮೊದಲು ಹೇಳು. "ಯವ್ವಾ, ಆ ಮಾತು ನನಗ ಅಂದ್ರು ಅಂತ ತಿಳಕೊಂಡೀನಿ, ನಿನಗೂ ಹಂಗ ಅನ್ನಿಸೇತೇನು?" ಎಂದು ಕೇಳು. ಅವಳು ಅತ್ತರೆ ಅಳಲಿ, ಬೈದರೆ ಬೈಯಲಿ, ಸಂಶಯ ಪಾಪ ಎಂದರೆ ಯೋಬನ ಕೊನೆಯ ಅಧ್ಯಾಯ ಓದಿ ಹೇಳು. ಅವಳ ಜೊತೆ ಮಾತಾದ ಮೇಲೆ ಬೇಕೆನಿಸಿದರೆ ನನಗೆ ಬರೆ. ಬರೆಯದಿದ್ದರೂ ಸರಿ, ಅವಳ ಜೊತೆಗಿನ ಮಾತನ್ನು ಮಾತ್ರ ಮುಂದೆ ಹಾಕಬೇಡ.